ಕೆಳಗಿನ ಲೀಗಿನ ಆಟಗಾರನಿಗೊಂದು ಊರ ತಂಡ

ನೆರೂಳ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣ 2017ರಲ್ಲಿ 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್ ಕಂಡಿತು. 2022ರ ಅಕ್ಟೋಬರ್ 30ರಂದು ಅಲ್ಲೇ ಅದೇ ವಯೋಮಿತಿಯ ಬಾಲಕಿಯರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ 1-0ಯಿಂದ ಕೊಲಂಬಿಯಾವನ್ನು ಮಣಿಸಿತು. ನವಿ ಮುಂಬಯಿಗೆ ಹೆಮ್ಮೆಯ ದಿನಗಳವು. ಆದರೆ ಅಲ್ಲಿ ಆಡುವ ಅವಕಾಶವೇ ಸಿಗದ, ಇದೇ ಸುತ್ತಮುತ್ತಲಿನ ಫುಟ್‌ಬಾಲಿಗನ ಬದುಕು ನನ್ನನ್ನು ಹೆಚ್ಚು ಕಾಡುತ್ತದೆ.

ಕಲ್ಯಾಣ, ಡೊಂಬಿವಲಿಯ ಹುಡುಗನಿಗೆ ಮುಂಬಯಿ ಲೀಗಿನಲ್ಲಿ ಆಡುವ ಆಸೆಯಿದ್ದರೆ ದಕ್ಷಿಣ ಮುಂಬಯಿಯ ಕೂಪರೇಜ್ ಮೈದಾನದ ದಾರಿ ಹಿಡಿಯಬೇಕು. ಕಲ್ಯಾಣದಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಐವತ್ತು ಕಿಲೋಮೀಟರಿಗೂ ಹೆಚ್ಚು; ಕೂರಲು ಜಾಗ ಸಿಕ್ಕರೆ ಅದೃಷ್ಟ. ಮೈದಾನದಲ್ಲಿ ಕೃತಕ ಹುಲ್ಲು. ಜಾರಿ ಚೆಂಡು ಕಸಿಯಲು ಹೋದರೆ ಮೊಣಕಾಲಿನ ಚರ್ಮ ಸುಲಿಯುತ್ತದೆ. ಬೂಟಿನ ಲೇಸ್ ಬಿಗಿಯುವ ಮೊದಲು ಮೊಣಕಾಲಿಗೆ ವ್ಯಾಸಲೀನ್ ಸವರಿಕೊಳ್ಳುವವರಿದ್ದಾರೆ. ಪಂದ್ಯ ಮುಗಿಸಿ, ಸಂಜೆಯ ನೂಕುನುಗ್ಗಲಲ್ಲಿ ಅದೇ ಉರಿಯುವ ಕಾಲೂರಿ ಮನೆ ಸೇರಬೇಕು.

ಇಂಥವರನ್ನು ಹಿಂದೆ ಕಂಪನಿ, ಬ್ಯಾಂಕು, ರೈಲ್ವೆಯ ತಂಡಗಳು ಸಂಬಳ ಕೊಟ್ಟು ಸಾಕಿದವು. ಆ ಆಸರೆ ಕುಗ್ಗುತ್ತಾ ಬಂತು. 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರ ಯುನೈಟೆಡ್ 2010ರಲ್ಲೇ ಬಾಗಿಲು ಹಾಕಿತು. ಅಲ್ಲಿ ಗಾಯಗಳಿಂದ ಆಟ ಮೊಟಕಾದ ಖಾಲಿದ್ ಜಮೀಲ್ ಅವರಿಗೆ ತರಬೇತುದಾರನ ಪಟ್ಟ ಕಟ್ಟಿದ್ದು ಮುಂಬಯಿ ಎಫ್‌ಸಿ ಎಂಬ ಸಾಧಾರಣ ಕ್ಲಬ್. ಅವರು 2017ರಲ್ಲಿ ಐಜಾಲ್‌ಗೆ ಐ-ಲೀಗ್ ಗೆದ್ದುಕೊಟ್ಟರು, 2025ರಲ್ಲಿ ಭಾರತ ತಂಡದ ಹೊಣೆ ಹೊತ್ತರು. ಸಣ್ಣ ಕ್ಲಬ್ ಇಲ್ಲದಿದ್ದರೆ ಅವರು ಕಲಿಯುವುದಾದರೂ ಎಲ್ಲಿತ್ತು?

ಸಣ್ಣ ಕ್ಲಬ್‌ಗಳು ಬದುಕುವ ಬಗೆ ತಿಳಿಯಲು ಸ್ಕಾಟ್ಲೆಂಡ್ ನೋಡಿ. ಅದರ ಜನಸಂಖ್ಯೆ ಸುಮಾರು 55 ಲಕ್ಷ. ಪಾಲ್ಘರ್ ಬೇರೆಯಾಗುವ ಮುನ್ನ, 2011ರ ಜನಗಣತಿಯಲ್ಲಿ, ನಮ್ಮ ಥಾಣೆ ಜಿಲ್ಲೆಯದು ಒಂದು ಕೋಟಿ ಹತ್ತು ಲಕ್ಷ. ಅರ್ಧದಷ್ಟು ಜನರ ಆ ನಾಡು ನಾಲ್ಕು ದರ್ಜೆಗಳಲ್ಲಿ 42 ಲೀಗ್ ಕ್ಲಬ್‌ಗಳನ್ನು ಪೋಷಿಸುತ್ತದೆ. ಕೆಳದರ್ಜೆಯ ಆಟಗಾರರಲ್ಲಿ ಬಹುಪಾಲು ಮಂದಿ ಹಗಲು ನೌಕರಿ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. ಆರ್ಬ್ರೋತ್ ಎಂಬ ಪುಟ್ಟ ಕಡಲೂರಿನ ಇಂಥದ್ದೇ ಅರೆಕಾಲಿಕ ತಂಡ 2021-22ರಲ್ಲಿ ಎರಡನೇ ದರ್ಜೆಯಲ್ಲಿ ಎರಡನೇ ಸ್ಥಾನಕ್ಕೇರಿತು.

ನಮ್ಮಲ್ಲೂ ಅಂಬರನಾಥ್ ಯುನೈಟೆಡ್ ಅಟ್ಲಾಂಟಾ ಎಂಬ ಕ್ಲಬ್ ಐ-ಲೀಗ್ 2ರವರೆಗೆ ಹೋಗಿದೆ. ಅದಕ್ಕೆ ನೆರೆಯ ಊರುಗಳಲ್ಲೇ ಎದುರಾಳಿಗಳು ಹುಟ್ಟಬೇಕು. ಕಲ್ಯಾಣಕ್ಕೊಂದು, ಡೊಂಬಿವಲಿಗೊಂದು, ಥಾಣೆಗೊಂದು ಊರಿನ ಹೆಸರು ಹೊತ್ತ ತಂಡ; ಪಾಲಿಕೆಯ ಮೈದಾನದಲ್ಲಿ ದೀಪದ ಬೆಳಕು; ನೌಕರಿ ಮುಗಿಸಿ ಬಂದವನಿಗೂ ಆಡಲು ಆಗುವಂಥ ವಾರಾಂತ್ಯದ ವೇಳಾಪಟ್ಟಿ. ಇಷ್ಟು ಕೊಟ್ಟರೆ ಇಪ್ಪತ್ತೆರಡಕ್ಕೇ ಬೂಟು ಕಳಚುವ ಹುಡುಗ ಮೂವತ್ತೆರಡರವರೆಗೂ ಆಡುತ್ತಾನೆ. ಆ ಹತ್ತು ವರ್ಷಗಳಲ್ಲಿ ಅವನ ಆಟ ನೋಡಿ ಬೆಳೆದ ಕೇರಿಯ ಮಕ್ಕಳೇ ನಾಳಿನ ಫುಟ್‌ಬಾಲಿಗರು.