ರಾಜಹಂಸದ ಕೆಂಪು ಮತ್ತು ಫಿಲಂನ ಕೀರ್ತಿ

ನವಿ ಮುಂಬಯಿಯ ಐರೋಲಿಯ ದೋಣಿಯಿಂದಲೋ ಸೀವುಡ್ಸ್‌ನ ಕೆರೆದಂಡೆಯಿಂದಲೋ ತೆಗೆದ ರಾಜಹಂಸದ ಚಿತ್ರಗಳು ಪ್ರದರ್ಶನಕ್ಕೆ ಬಂದರೆ ಸಾಕು, ಥಾಣೆ-ಡೊಂಬಿವಲಿಯ ಹಿರಿಯ ಛಾಯಾಗ್ರಾಹಕರ ಬಾಯಲ್ಲಿ ಒಂದೇ ಮಾತು: ಫಿಲಂ ಕಾಲದ ಬಣ್ಣ ಡಿಜಿಟಲ್‌ಗೆ ದಕ್ಕಲಿಲ್ಲ. ಚಿತ್ರಗಳು ಕೆಟ್ಟಿವೆ, ನಿಜ. ಕಾರಣ ಮಾತ್ರ ಬೇರೆ.

ಕಿರು ರಾಜಹಂಸ ರೆಕ್ಕೆ ಬಿಚ್ಚಿದ ಚಿತ್ರವೊಂದನ್ನು ನೋಡಿ. ರೆಕ್ಕೆಯ ಕಡುಗೆಂಪು ಭಾಗದಲ್ಲಿ ಒಂದೊಂದು ಗರಿಯ ಅಂಚೂ ಕಾಣಬೇಕು. ಕಾಣುವುದು ಕುಂಕುಮ ಮೆತ್ತಿದಂಥ ಚಪ್ಪಟೆ ಕೆಂಪು. ಸೆನ್ಸರ್ ಸೋತಿತು ಎನ್ನುವ ಮೊದಲು ಅದೇ ಚಿತ್ರದ ರಾ ಫೈಲ್, ಅಂದರೆ ಸೆನ್ಸರ್ ದಾಖಲಿಸಿದ ಕಚ್ಚಾ ಮಾಹಿತಿ, ತೆರೆಯಬೇಕು. ಹಗಲು ಬೆಳಕಿನಲ್ಲಿ ಸೆನ್ಸರಿನ ಕೆಂಪು ಬಿಂದುಗಳಿಗೆ ಹಸಿರಿಗಿಂತ ಕಡಿಮೆ ಸಂಕೇತ ಸಿಗುತ್ತದೆ. ಇದನ್ನು ಸರಿದೂಗಿಸಲು ವೈಟ್ ಬ್ಯಾಲೆನ್ಸ್ ಕೆಂಪನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಆಮೇಲೆ 14 ಬಿಟ್‌ನ 16,384 ಹಂತಗಳು ಜೆಪೆಗ್‌ನ 256ಕ್ಕೆ ಇಳಿದು, ಎಸ್‌ಆರ್‌ಜಿಬಿಯ ಕಿರಿದಾದ ಬಣ್ಣವ್ಯಾಪ್ತಿಯ ಇಕ್ಕಟ್ಟಿನಲ್ಲಿ ತುರುಕಿಕೊಳ್ಳುತ್ತವೆ. ಕೆಂಪು ಸಾಯುವುದು ಅಲ್ಲಿ. ಅದರ ಮೇಲೆ ಸ್ಯಾಚುರೇಶನ್ ಬೇರೆ ಎಳೆಯುತ್ತಾರೆ. ರಾ ಫೈಲಿನಲ್ಲಿ ಎಷ್ಟೋ ಸಲ ಗರಿಗಳೆಲ್ಲ ಹಾಗೇ ಉಳಿದಿರುತ್ತವೆ.

ಇನ್ನು ಫಿಲಂನ ಔದಾರ್ಯ. ಬೆಳಕಿನ ಏರುಪೇರನ್ನು ತಾಳಿಕೊಳ್ಳುತ್ತಿದ್ದುದು ನೆಗೆಟಿವ್ ಫಿಲಂ. ವನ್ಯಜೀವಿ ಛಾಯಾಗ್ರಾಹಕರು ಬಣ್ಣಕ್ಕೆ ನೆಚ್ಚಿಕೊಂಡಿದ್ದು ಹೆಚ್ಚಾಗಿ ಸ್ಲೈಡ್ ಫಿಲಂ. ಅದು ಹಿಡಿಯುವ ಬೆಳಕಿನ ಹರವು 5-6 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ಇಮ್ಮಡಿ). ಇಂದಿನ ಒಳ್ಳೆಯ ಸೆನ್ಸರಿನದು 13-14. ಮಂಕು ಬೆಳಗಿನಲ್ಲಿ ಐಎಸ್ಒ 64ರ ಕೋಡಾಕ್ರೋಮ್ ಸ್ಲೈಡ್ ಹಾಕಿದರೆ ಎಫ್/5.6ರಲ್ಲಿ ಸೆಕೆಂಡಿನ 125ನೇ ಒಂದು ಭಾಗ ಸಿಗುತ್ತಿತ್ತು. ಹಾರುವ ರೆಕ್ಕೆ ಕಲಸಿಹೋಗುತ್ತಿತ್ತು. ಅದೇ ಬೆಳಕಿನಲ್ಲಿ ಐಎಸ್ಒ 1600 ಇಟ್ಟರೆ 3000ನೇ ಒಂದು ಭಾಗ. ನೆಗೆಟಿವ್‌ನ ಕಿರೀಟವನ್ನು ಸ್ಲೈಡಿನ ತಲೆಗಿಟ್ಟು ಹೊಗಳುವವರು ಈ ಲೆಕ್ಕ ಹಾಕುವುದೇ ಇಲ್ಲ.

ಅವರು ಫಿಲಂ ಕಾಲದ ವನ್ಯಜೀವಿ ಛಾಯಾಗ್ರಾಹಕರಾದ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರ ಹೆಸರೆತ್ತಿದಾಗ ನನಗೆ ಸಿಟ್ಟೇ ಬರುತ್ತದೆ. ಪೆರುಮಾಳ್ ಅವರ ಕಪ್ಪು-ಬಿಳುಪು ಪ್ರಿಂಟುಗಳ ಹಿಂದಿರುವುದು ಹಕ್ಕಿಗಾಗಿ ಕಾದ ತಾಳ್ಮೆ, ಡಾರ್ಕ್‌ರೂಮಿನ ದುಡಿಮೆ. ಅದನ್ನು ಫಿಲಂ ಸುರುಳಿಯ ಖಾತೆಗೆ ಜಮೆ ಮಾಡುವುದು ಆ ದೊಡ್ಡವರಿಗೆ ಮಾಡುವ ಅನ್ಯಾಯ. ಡಾರ್ಕ್‌ರೂಮಿನ ಆ ಶಿಸ್ತನ್ನೇ ನಮ್ಮವರು ಕಂಪ್ಯೂಟರಿನ ಮುಂದೆ ಬಿಟ್ಟುಕೊಟ್ಟಿದ್ದಾರೆ.

ನೀರಿನ ಮೇಲೆ ಬಿಸಿಲು ಹೊಳೆಯುವಲ್ಲಿ ನೆಗೆಟಿವ್‌ನಿಂದ ತೆಗೆದ ಪ್ರಿಂಟು ಮೆಲ್ಲಗೆ ಬಿಳಿಯಾಗುತ್ತದೆ, ಸೆನ್ಸರ್ ಥಟ್ಟನೆ ಕತ್ತರಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಎಕ್ಸ್‌ಪೋಶರ್ ಕೊಂಚ ತಗ್ಗಿಸಿದರೆ ಆ ದೂರೂ ಬಹುಪಾಲು ಮುಗಿಯಿತು.

ಈ ರಾಜಹಂಸಗಳು ಬರುವ ಥಾಣೆ ಖಾಡಿ (ಸಮುದ್ರದ ಕೊರಕಲು) 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎನಿಸಿತು. ರಾಜಹಂಸದ ಬಣ್ಣ ಅದು ಇಂಥ ನೆಲದಲ್ಲಿ ತಿನ್ನುವ ಪಾಚಿಯಿಂದ ಬರುತ್ತದೆ. ಎಳೆಯ ಹಕ್ಕಿ ಬೂದು. ಬೂದು ಮರಿಗೂ ಗುಲಾಬಿ ಬಳಿದ ಚಿತ್ರ ಖಾಡಿಯ ಬಗ್ಗೆಯೇ ಸುಳ್ಳು ಹೇಳುತ್ತದೆ. ಪ್ರದರ್ಶನಗಳ ತೀರ್ಪುಗಾರರು ಇನ್ನು ಮುಂದೆ ಪ್ರಿಂಟಿನ ಜೊತೆ ರಾ ಫೈಲನ್ನೂ ಕೇಳಲಿ.