ಹಸೆಗೋಡೆಯಿಂದ ಸಮಾರಂಭದ ವೇದಿಕೆಗೆ: ಮಲೆನಾಡಿನ ಕೈಅಲಂಕಾರಗಳ ಪಲ್ಲಟ

ಕನ್ನಡದಲ್ಲಿ ದೊರೆತಿರುವ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ವು ತನ್ನ ಬಹುಭಾಗವನ್ನು ಅಲಂಕಾರಗಳ ವಿವೇಚನೆಗೆ ಮೀಸಲಿರಿಸಿದೆ. ಅಲಂಕಾರವು ಕಾವ್ಯದ ಮೈಮೇಲಿನ ತೊಡವೋ ಅಥವಾ ಅದರ ಜೀವದೊಡನೆ ಬೆರೆತದ್ದೋ ಎಂಬ ಪ್ರಶ್ನೆಯನ್ನು ಭಾರತೀಯ ಕಾವ್ಯಮೀಮಾಂಸೆ ಶತಮಾನಗಳ ಕಾಲ ಚರ್ಚಿಸಿದೆ. ಆದರೆ ಮನೆಯ ಗೋಡೆ, ಹೊಸ್ತಿಲು, ಚಪ್ಪರ, ಬುಟ್ಟಿ, ಮೊರಗಳ ಮೇಲಿನ ಅಲಂಕಾರದ ವಿಷಯದಲ್ಲಿ ಈ ಪ್ರಶ್ನೆಯನ್ನು ಅಷ್ಟೇ ಗಂಭೀರವಾಗಿ ಎತ್ತಿರುವುದು ವಿರಳ. ‘ಕರಕುಶಲ’ ಎಂಬ ಶೀರ್ಷಿಕೆಯಡಿ ಅವುಗಳನ್ನು ಪಟ್ಟಿ ಮಾಡುವುದರೊಂದಿಗೆ ಅಧ್ಯಯನ ಮುಗಿದುಬಿಡುವುದೇ ಹೆಚ್ಚು. ನಗರದ ಮದುವೆ ಮಂಟಪಗಳಲ್ಲಿ, ಔತಣಕೂಟಗಳಲ್ಲಿ, ಮನೆಯ ಒಳಾಂಗಣಗಳಲ್ಲಿ ‘ಹಳ್ಳಿಯ ಸೊಗಡು’ ಎಂಬ ಹೆಸರಿನ ಕೈಅಲಂಕಾರಗಳಿಗೆ ಬೇಡಿಕೆ ಹೆಚ್ಚಿರುವ ಈ ಹೊತ್ತಿನಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಮಲೆನಾಡಿನ ದೀವರ ಸಮುದಾಯದ ಹಸೆ ಚಿತ್ತಾರವನ್ನು ಕೇಂದ್ರವಾಗಿರಿಸಿಕೊಂಡು ಈ ಪಲ್ಲಟದ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಹಾಗೂ ಉತ್ತರ ಕನ್ನಡದ ಸಿದ್ದಾಪುರ, ಶಿರಸಿ ಭಾಗಗಳ ದೀವರ ಮನೆಗಳಲ್ಲಿ ಮದುವೆಯ ಸಂದರ್ಭದಲ್ಲಿ ಬರೆಯುವ ಭಿತ್ತಿಚಿತ್ರವೇ ಹಸೆ ಚಿತ್ತಾರ. ಹಸೆ ಎಂದರೆ ವಧೂವರರು ಕೂರುವ ಶುಭಸ್ಥಾನ. ಮದುವೆಯಾಗುವುದನ್ನು ‘ಹಸೆಮಣೆ ಏರುವುದು’ ಎಂದು ಹೇಳುವ ಕನ್ನಡದ ನುಡಿಗಟ್ಟು ಈ ಸ್ಥಾನದ ಮಹತ್ತ್ವವನ್ನು ಉಳಿಸಿಕೊಂಡಿದೆ. ಕೆಮ್ಮಣ್ಣು ಸಾರಿಸಿದ ಗೋಡೆಯೇ ಇಲ್ಲಿ ಹಿನ್ನೆಲೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕಪ್ಪಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ ಬಣ್ಣಗಳು ಸಿದ್ಧವಾಗುತ್ತವೆ. ಕುಂಚವೆಂದರೆ ಪುಂಡಿಯ ನಾರು. ಸರಳರೇಖೆ, ತ್ರಿಕೋನ, ಚೌಕಗಳ ಹೆಣಿಗೆಯೊಳಗೆ ಗೊಂಬೆ, ದಂಡಿಗೆ, ಬಾಸಿಂಗ, ಜೋಗಿಜಡೆ, ಹಕ್ಕಿ ಮೊದಲಾದ ಆಕೃತಿಗಳು ಮೂಡುತ್ತವೆ. ಇದನ್ನು ಬರೆಯುವವಳು ಚಿತ್ತಾರಗಿತ್ತಿ. ಅವಳ ಕಲಿಕೆ ನಡೆಯುವುದು ತಾಯಿ, ಅತ್ತೆ, ನೆರೆಯ ಹೆಂಗಸರ ಜೊತೆ ಗೋಡೆಯ ಮುಂದೆ ಕುಳಿತು.

ಇದೇ ರೇಖೆಗಳು ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಕಾಣಿಸಿಕೊಳ್ಳುತ್ತವೆ. ಆಶ್ವಯುಜ ಮಾಸದ ಹುಣ್ಣಿಮೆಯಂದು, ತೆನೆಗಟ್ಟುತ್ತಿರುವ ಗದ್ದೆಗೆ ಬಸುರಿಯ ಬಯಕೆ ತೀರಿಸುವ ಭಾವದಲ್ಲಿ ಎಡೆ ಒಯ್ಯುವ ಬುಟ್ಟಿ ಇದು. ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನ ಗೆರೆಗಳಿಂದ ಸಿಂಗರಿಸಿದ ಈ ಬುಟ್ಟಿಯು ಅಡುಗೆಯನ್ನು ಹೊರುವ ಪಾತ್ರೆಯೂ ಹೌದು, ಪೂಜಾದ್ರವ್ಯವೂ ಹೌದು. ಕೊಯ್ಲಿನ ಕಾಲದಲ್ಲಿ ಭತ್ತದ ತೆನೆಗಳನ್ನು ಹೆಣೆದು ಬಾಗಿಲಿಗೆ ಕಟ್ಟುವ ತೋರಣ, ಕರಾವಳಿ ಹಾಗೂ ಕೊಡಗಿನಲ್ಲಿ ಹೊಸತು ಮತ್ತು ಪುತ್ತರಿಯಂದು ಎಲೆಗಳ ಜೊತೆ ಸೇರಿಸಿ ಕಟ್ಟುವ ಕದಿರು, ಗೌರಿ ಹಬ್ಬದ ಮೊರದ ಬಾಗಿನ, ಸಾಗರ–ಸೊರಬಗಳ ಗುಡಿಗಾರರು ಬೆಂಡಿನಿಂದ ರಚಿಸುವ ಬಾಸಿಂಗ ಇವೆಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ಸುತ್ತಮುತ್ತ ದೊರೆಯುವ ಸಾಮಗ್ರಿ, ನಿಶ್ಚಿತವಾದ ಸಂದರ್ಭ, ಅಲ್ಪಕಾಲದ ಬಾಳಿಕೆ ಎಂಬ ಮೂರು ಗುಣಗಳು ಇವಕ್ಕೆ ಸಮಾನ.

2

ಧ್ವನಿಕಾವ್ಯದಲ್ಲಿ ಅಲಂಕಾರವು ‘ಅಪೃಥಗ್ಯತ್ನ’ದಿಂದ, ಅಂದರೆ ಬೇರೆಯೇ ಆದ ಪ್ರಯತ್ನವಿಲ್ಲದೆ, ಸಿದ್ಧಿಸಬೇಕೆಂಬುದು ಆನಂದವರ್ಧನನ ನಿಲುವು. ಈ ಪರಿಕಲ್ಪನೆಯನ್ನು ಹಸೆಗೋಡೆಗೆ ಅನ್ವಯಿಸುವಾಗ ಎಚ್ಚರ ಅಗತ್ಯ. ಚಿತ್ತಾರಕ್ಕೆ ಶ್ರಮವಿಲ್ಲವೆಂದು ಇದರ ಅರ್ಥವಲ್ಲ. ಅಕ್ಕಿ ನೆನೆಸಿ, ಬಣ್ಣ ಕೂಡಿಸಿ, ನಾರಿನ ತುದಿಯಿಂದ ನೂರಾರು ಗೆರೆ ಎಳೆಯುವುದು ದೀರ್ಘ ತಾಳ್ಮೆಯ ಕೆಲಸ. ಆದರೆ ಆ ಶ್ರಮದ ಗುರಿ ಮದುವೆಯ ಗುರಿಗಿಂತ ಬೇರೆಯಲ್ಲ. ಚಿತ್ತಾರ ಬರೆಯುವುದು ಮದುವೆಗೆ ಮಾಡುವ ಸಿಂಗಾರ ಮಾತ್ರವಲ್ಲ, ಅದೇ ಮದುವೆಯ ಒಂದು ಕ್ರಿಯೆ. ಬಾಸಿಂಗದ ಆಕೃತಿ ಗೋಡೆಯಲ್ಲಿ ಮೂಡುವುದಕ್ಕೂ ಗೋಡೆಯ ಮುಂದೆ ಕುಳಿತವರ ಹಣೆಯಲ್ಲಿ ಬಾಸಿಂಗ ಇರುವುದಕ್ಕೂ ಸಂಬಂಧವಿದೆ. ಚಿತ್ರ ಪೂರ್ಣವಾಗುವುದು ವಧೂವರರು ಅದರ ಮುಂದೆ ಕುಳಿತಾಗಲೇ ಎನ್ನಬಹುದು.

ಸಮಾರಂಭದ ವೇದಿಕೆಯ ‘ಗ್ರಾಮೀಣ’ ಅಲಂಕಾರದಲ್ಲಿ ಮುರಿದುಬೀಳುವುದು ಈ ಸಂಬಂಧ. ಅಲ್ಲಿ ಮೊರ, ಬುಟ್ಟಿ, ಲಾಟೀನು, ಗಾಡಿಯ ಚಕ್ರ, ಗೋಣಿತಟ್ಟುಗಳು ಒಟ್ಟಾಗಿ ಬರುತ್ತವೆ. ಮೇದಾರರು ಹೆಣೆದ ಮೊರ ಕೇರುವುದಕ್ಕೂ ಅಲ್ಲ, ಬಾಗಿನಕ್ಕೂ ಅಲ್ಲ. ಅಕ್ರಿಲಿಕ್ ಬಣ್ಣ ಬಳಿಸಿಕೊಂಡು ಗೋಡೆಗೆ ನೇತುಬೀಳುತ್ತದೆ. ವಾರ್ಲಿಯ ಆಕೃತಿಗಳೂ ದೀವರ ಚಿತ್ತಾರವೂ ಬೇರೆ ಬೇರೆ ಸಮುದಾಯಗಳ ಭಾಷೆಗಳೆಂಬ ವಿವೇಚನೆ ಇಲ್ಲದೆ ಒಂದೇ ಫಲಕದಲ್ಲಿ ಬೆರೆಯುತ್ತವೆ. ಚಿತ್ತಾರವನ್ನು ಛಾಯಾಚಿತ್ರವಾಗಿ ತೆಗೆದು ಫ್ಲೆಕ್ಸ್ ಮೇಲೆ ಮುದ್ರಿಸಿದಾಗ ಪಲ್ಲಟ ಪೂರ್ಣವಾಗುತ್ತದೆ. ಗೆರೆಯಿದೆ, ನಾರಿಲ್ಲ, ಬಿಳುಪಿದೆ, ಅಕ್ಕಿಯಿಲ್ಲ, ಹಸೆಯ ರೂಪವಿದೆ, ಹಸೆ ಬರೆದ ಕೈಯಿಲ್ಲ.

3

ಹಾಗೆಂದು ಹಿಂದಿನದೆಲ್ಲ ಶುದ್ಧ, ಇಂದಿನದೆಲ್ಲ ಭ್ರಷ್ಟ ಎಂಬ ಸರಳ ತೀರ್ಮಾನವನ್ನು ಚರಿತ್ರೆ ಸಮರ್ಥಿಸುವುದಿಲ್ಲ. ಮಿಥಿಲೆಯ ಕೋಹಬರ್ ಚಿತ್ರಗಳು ಕೂಡ ನವದಂಪತಿಗಳ ಕೋಣೆಯ ಗೋಡೆಯಲ್ಲಿದ್ದವು. 1934ರ ಭೂಕಂಪದ ನಂತರ ಡಬ್ಲ್ಯೂ. ಜಿ. ಆರ್ಚರ್ ಅವುಗಳನ್ನು ಗಮನಿಸಿ ಹೊರಜಗತ್ತಿಗೆ ಪರಿಚಯಿಸಿದರು. 1966–67ರ ಬರಗಾಲದಲ್ಲಿ ಪುಪುಲ್ ಜಯಕರ್ ಅವರ ನೇತೃತ್ವದ ಅಖಿಲ ಭಾರತ ಕರಕುಶಲ ಮಂಡಳಿಯು ಭಾಸ್ಕರ ಕುಲಕರ್ಣಿ ಅವರ ಮೂಲಕ ಕಾಗದ ಒದಗಿಸಿ, ಹೆಂಗಸರ ಚಿತ್ರಗಳು ಜೀವನೋಪಾಯವಾಗುವಂತೆ ಮಾಡಿತು. 1975ರಲ್ಲಿ ಜಗದಂಬಾ ದೇವಿ ಅವರಿಗೆ ಪದ್ಮಶ್ರೀ ಸಂದಿತು. ಮಹಾರಾಷ್ಟ್ರದ ವಾರ್ಲಿ ಸಮುದಾಯದಲ್ಲಿ ಮದುವೆಯ ಚೌಕ ಬರೆಯುವುದು ಮುತ್ತೈದೆಯರ ಹಕ್ಕಾಗಿತ್ತು. ಕಾಗದಕ್ಕೆ ಬಂದ ಮೇಲೆ ಜಗತ್ತಿಗೆ ಮೊದಲು ಪರಿಚಿತವಾದ ಹೆಸರು ಜಿವ್ಯಾ ಸೋಮಾ ಮಶೆ ಎಂಬ ಪುರುಷ ಕಲಾವಿದರದು (ಪದ್ಮಶ್ರೀ 2011). ಗೋಡೆಯಿಂದ ಮಾರುಕಟ್ಟೆಗೆ ಬರುವ ಹಾದಿ ಒಂದೆಡೆ ಹೆಣ್ಣಿಗೆ ಹೆಸರು ಕೊಟ್ಟಿತು, ಇನ್ನೊಂದೆಡೆ ಹೆಣ್ಣಿನ ಕ್ರಿಯೆಯನ್ನು ಪುರುಷನ ವೃತ್ತಿಯಾಗಿಯೂ ಮಾಡಿತು. ಮಾರುಕಟ್ಟೆ ಪ್ರವೇಶಿಸಿತೇ ಎಂಬುದಕ್ಕಿಂತ ಯಾರ ಷರತ್ತಿನ ಮೇಲೆ ಪ್ರವೇಶಿಸಿತು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆಯಾಗುತ್ತದೆ.

ಹಸೆ ಚಿತ್ತಾರದ ವಿಷಯದಲ್ಲಿ ಗೋಡೆಯೇ ಮನೆಯನ್ನು ಬಿಟ್ಟು ಹೋಗುತ್ತಿದೆ ಎಂಬುದನ್ನು ಮರೆಯಲಾಗದು. ಸಿಮೆಂಟು ಮತ್ತು ಡಿಸ್ಟೆಂಪರಿನ ಗೋಡೆ ಕೆಮ್ಮಣ್ಣಿನ ಸಾರಣೆಯನ್ನು ಬೇಡುವುದಿಲ್ಲ. ಮದುವೆಗಳು ಕಲ್ಯಾಣ ಮಂಟಪಗಳಿಗೆ ಸಾಗಿವೆ. ಇಂಥ ಸ್ಥಿತಿಯಲ್ಲಿ ಕಾಗದ, ಬಟ್ಟೆ, ಬುಟ್ಟಿಗಳ ಮೇಲೆ ಚಿತ್ತಾರ ಬರೆದು ಮಾರುವವರನ್ನು ಪರಂಪರೆ ಕೆಡಿಸಿದವರೆಂದು ದೂರುವುದು ಅನ್ಯಾಯ. ಆದರೂ ಕಲೆಯ ದೃಷ್ಟಿಯಿಂದ ಒಂದು ನಷ್ಟವನ್ನು ಗುರುತಿಸಲೇಬೇಕು. ಹಸೆ ಅಳಿಯುತ್ತಿತ್ತು, ಅಳಿಯುತ್ತಿದ್ದುದರಿಂದಲೇ ಮತ್ತೆ ಬರೆಯಬೇಕಾಗುತ್ತಿತ್ತು, ಮತ್ತೆ ಬರೆಯುವಾಗಲೇ ಕಿರಿಯಳು ಕಲಿಯುತ್ತಿದ್ದಳು. ಚೌಕಟ್ಟಿನ ಗಾಜಿನೊಳಗೆ ಶಾಶ್ವತವಾದ ಚಿತ್ತಾರ ಒಮ್ಮೆ ಬರೆದರೆ ಮುಗಿಯಿತು. ವಸ್ತುವಿನ ಆಯುಷ್ಯ ಹೆಚ್ಚಿದಂತೆ ಬರೆಯುವ ಸಂದರ್ಭಗಳ ಸಂಖ್ಯೆ ಇಳಿಯುತ್ತದೆ.

4

‘ಗ್ರಾಮೀಣ’ ಎಂಬ ವಿಶೇಷಣ ಮರೆಮಾಡುವ ಇನ್ನೊಂದು ಸಂಗತಿ ಚಾರಿತ್ರಿಕವಾದುದು. 1951ರಲ್ಲಿ ಸಾಗರ ಸಮೀಪದ ಕಾಗೋಡಿನಲ್ಲಿ ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದ ಗೇಣಿದಾರರಲ್ಲಿ ಬಹುಪಾಲು ಜನ ದೀವರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ ಆ ವ್ಯಾಜ್ಯದ ಪ್ರಮುಖ ಕಾರಣಗಳಲ್ಲೊಂದು. ಎಚ್. ಗಣಪತಿಯಪ್ಪನವರ ಸಂಘಟನೆ, ರಾಮಮನೋಹರ ಲೋಹಿಯಾ ಅವರ ಭಾಗವಹಿಸುವಿಕೆಗಳಿಂದ ಈ ಹೋರಾಟ ನಾಡಿನ ಭೂಸುಧಾರಣೆಯ ಚರಿತ್ರೆಯಲ್ಲಿ ಹೆಗ್ಗುರುತಾಯಿತು. 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಹಸೆಗೋಡೆಯ ಬಿಳಿ ಅಕ್ಕಿಯದು, ಕಪ್ಪೂ ಅಕ್ಕಿಯದು. ಯಾವ ಕೊಳಗದಲ್ಲಿ ಎಷ್ಟು ಅಳೆದುಕೊಟ್ಟ ಬಳಿಕ ಮನೆಯಲ್ಲಿ ಉಳಿದ ಅಕ್ಕಿ ಅದು ಎಂಬ ಪ್ರಶ್ನೆಯಿಲ್ಲದೆ ಚಿತ್ತಾರದ ಅಧ್ಯಯನ ಪೂರ್ಣವಾಗದು. ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ಎಷ್ಟೋ ತಲೆಮಾರುಗಳ ಗೇಣಿದಾರರು ಒಯ್ದದ್ದು ತಮ್ಮ ಹೆಸರಿನಲ್ಲಿಲ್ಲದ ಗದ್ದೆಗೆ. ಆ ಬುಟ್ಟಿಯನ್ನು ‘ಹಳ್ಳಿಯ ನೆಮ್ಮದಿ’ಯ ಗುರುತಾಗಿ ಔತಣಕೂಟದ ಮೂಲೆಯಲ್ಲಿ ಇರಿಸಿದಾಗ ಅಳಿಸಿಹೋಗುವುದು ಈ ಸ್ಮೃತಿ.

5

ಪರಿಸರ ಕಾನೂನುಗಳು ಈ ಕ್ಷೇತ್ರದಲ್ಲಿ ಹೊಸ ಅವಕಾಶವನ್ನು ತೆರೆದಿವೆ. ಕರ್ನಾಟಕ ಸರ್ಕಾರದ 2016ರ ಮಾರ್ಚ್ ಅಧಿಸೂಚನೆಯು ಪ್ಲಾಸ್ಟಿಕ್ಕಿನ ಫ್ಲೆಕ್ಸ್, ಬ್ಯಾನರ್, ತೋರಣಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾದ ಏಕಬಳಕೆಯ ವಸ್ತುಗಳಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಸೇರಿದೆ. ಜೌಗು ನೆಲದಲ್ಲಿ ಬೆಳೆದು ಮಣ್ಣಿಗೆ ಮರಳುವ ಬೆಂಡು, ತೆಂಗಿನ ಗರಿ, ಮಾವಿನ ಸೊಪ್ಪು, ಭತ್ತದ ತೆನೆಗಳು ಪರ್ಯಾಯಗಳೆಂಬುದಕ್ಕಿಂತ ಥರ್ಮಾಕೋಲು ಕಸಿದುಕೊಂಡ ಸ್ಥಾನದ ಹಳೆಯ ಹಕ್ಕುದಾರರೆಂಬುದು ಸರಿ. ಆದರೆ ನಿಷೇಧದಿಂದ ತೆರವಾದ ಜಾಗವನ್ನು ಗುಡಿಗಾರ, ಮೇದಾರ, ಚಿತ್ತಾರಗಿತ್ತಿಯರೇ ತುಂಬುವರೆಂಬ ಭರವಸೆ ತಾನಾಗಿ ದೊರೆಯುವುದಿಲ್ಲ. ಯಂತ್ರದಲ್ಲಿ ತಯಾರಾದ ‘ಕೈಕೆಲಸದ ಹಾಗೆ ಕಾಣುವ’ ಸರಕೂ ಅದೇ ಜಾಗಕ್ಕೆ ಬರಬಲ್ಲದು.

ಆದ್ದರಿಂದ ಇಂಥ ಅಲಂಕಾರಗಳ ಮೌಲ್ಯಮಾಪನಕ್ಕೆ ಅಂದಚೆಂದದ ಅಳತೆಯೊಂದೇ ಸಾಲದು. ಸಾಮಗ್ರಿಯ ಗುಣವನ್ನು ಕೆಲಸ ಗೌರವಿಸಿದೆಯೇ ಎಂಬುದು ಮೊದಲ ಪ್ರಶ್ನೆ. ಮಾಡಿದವರ ಹೆಸರು, ಸಮುದಾಯ, ಕೂಲಿಗಳು ನಮೂದಾಗಿವೆಯೇ ಎಂಬುದು ಎರಡನೆಯದು. ಅಲಂಕಾರಕ್ಕೂ ಸಂದರ್ಭಕ್ಕೂ ಅಪೃಥಗ್ಯತ್ನದ ಸಂಬಂಧ ಉಳಿದಿದೆಯೇ ಎಂಬುದು ಮೂರನೆಯದು. ಮದುವೆಯ ಮನೆಯವರು ಚಿತ್ತಾರಗಿತ್ತಿಯನ್ನು ಮಂಟಪಕ್ಕೇ ಕರೆಸಿ, ಮನೆಯ ಹೆಣ್ಣುಮಕ್ಕಳೂ ಒಂದೆರಡು ಎಳೆ ಸೇರಿಸುವಂತೆ ಹಸೆ ಬರೆಸಿದರೆ, ಗೋಡೆ ಮಣ್ಣಿನದಲ್ಲದಿದ್ದರೂ ಈ ಮೂರು ಪ್ರಶ್ನೆಗಳಿಗೂ ಉತ್ತರ ದೊರೆಯುತ್ತದೆ. ಮುದ್ರಿತ ಹಿನ್ನೆಲೆ ಎಷ್ಟೇ ಮನೋಹರವಾಗಿದ್ದರೂ ಒಂದಕ್ಕೂ ಉತ್ತರಿಸಲಾರದು.

ಸಂಶೋಧನೆಯ ಪಾಲಿನ ಹೊಣೆಯೂ ಇಲ್ಲಿಂದಲೇ ಸ್ಪಷ್ಟವಾಗುತ್ತದೆ. ವಸ್ತುಸಂಗ್ರಹಾಲಯಗಳೂ ದಾಖಲೆಗಳೂ ‘ಜನಪದ ಚಿತ್ರ, ಮಲೆನಾಡು’ ಎಂಬಷ್ಟಕ್ಕೆ ನಿಲ್ಲದೆ, ಬರೆದವಳ ಹೆಸರು, ಊರು, ಸಂದರ್ಭ, ಬಳಸಿದ ಬಣ್ಣ, ಆಕೃತಿಗಳಿಗೆ ಆಕೆಯೇ ಕೊಡುವ ಹೆಸರುಗಳನ್ನು ದಾಖಲಿಸಬೇಕಾಗಿದೆ. ಚಿತ್ತಾರಗಿತ್ತಿಯರ ಬಾಯಲ್ಲಿರುವ ಈ ಪದಕೋಶ ಗೋಡೆಗಳ ಜೊತೆಯಲ್ಲೇ ಕರಗುವ ಮೊದಲು ಅದನ್ನು ಸಂಗ್ರಹಿಸುವುದು ತುರ್ತಿನ ಕೆಲಸ.