ಬೀದಿಕಾಳಗ ಮನೆಗೆ ಬಂದ ಬಗೆ

ಒಂದು ಮಾಧ್ಯಮದ ಕೃತಿಯನ್ನು ಮತ್ತೊಂದು ಮಾಧ್ಯಮಕ್ಕೆ ತರುವವನು ಏನನ್ನಾದರೂ ಬಿಡಲೇಬೇಕು. ಏನನ್ನು ಬಿಟ್ಟನೆಂಬುದಕ್ಕಿಂತ ಏನನ್ನು ಬಿಡಲೊಲ್ಲದೆ ಹಿಡಿದುಕೊಂಡನೆಂಬುದರಲ್ಲಿ ಅವನ ವಿವೇಕ ಕಾಣುತ್ತದೆ. ಭಾಷಾಂತರಕ್ಕೆ ಸಲ್ಲುವ ಈ ಮಾತನ್ನು ವಿಡಿಯೋ ಆಟಕ್ಕೂ ಅನ್ವಯಿಸಿದರೆ ಕೆಲವರು ಹುಬ್ಬೇರಿಸಿಯಾರು. ಆದರೂ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯ ‘ಸ್ಟ್ರೀಟ್ ಫೈಟರ್ ೨’ ಅಂಗಡಿಯಿಂದ ಮನೆಗೆ ಬಂದ ಬಗೆಯನ್ನು ನೋಡಿದರೆ, ರೂಪಾಂತರದ ಪ್ರಶ್ನೆ ಇಷ್ಟು ನಿಚ್ಚಳವಾಗಿ ಬೇರೆಡೆ ಎದುರಾಗುವುದು ಅಪರೂಪವೆಂದೇ ನನಗೆ ತೋರುತ್ತದೆ.

೧೯೯೧ರಲ್ಲಿ ಈ ಆಟ ಆಟದಂಗಡಿಗಳಿಗೆ ಬಂತು. ನಾಣ್ಯ ಹಾಕಿದವನು ಎಂಟು ಜನ ಕಲಿಗಳಲ್ಲಿ ಒಬ್ಬನನ್ನು ಆರಿಸಿಕೊಂಡು ಕಾದಬೇಕು. ಕೈಗೊಂದು ಹಿಡಿಕೋಲು; ಗುದ್ದಿಗೆ ಮೂರು, ಒದೆತಕ್ಕೆ ಮೂರು, ಹೀಗೆ ಆರು ಗುಂಡಿಗಳು. ಮರುವರ್ಷದ ಜೂನ್ ತಿಂಗಳಲ್ಲಿ ಇದೇ ಆಟ ಜಪಾನಿನಲ್ಲಿ ನಿಂಟೆಂಡೋದ ಸೂಪರ್ ಫ್ಯಾಮಿಕಾಮ್ ಎಂಬ ಮನೆಯಂತ್ರಕ್ಕೆ ಬಂತು.

ನಷ್ಟದ ಪಟ್ಟಿ ಸಣ್ಣದಲ್ಲ. ಅಂಗಡಿಯ ಚಿತ್ರ ೩೮೪ ಚುಕ್ಕೆ ಅಗಲ, ಮನೆಯದು ೨೫೬. ಮೂರರಲ್ಲೊಂದು ಪಾಲು ಅಲ್ಲಿಗೇ ಹೋಯಿತು. ಇಡೀ ಆಟ ೧೬ ಮೆಗಾಬಿಟ್, ಎಂದರೆ ಎರಡು ಮೆಗಾಬೈಟ್, ಕಾರ್ಟ್ರಿಜ್ಜಿನಲ್ಲಿ ಅಡಗಬೇಕು. ಧ್ವನಿಗೆ ದೊರೆತ ಸ್ಮೃತಿ ಬರಿಯ ೬೪ ಕಿಲೋಬೈಟ್. ಉರುಳಿ ಬರುವ ಪೀಪಾಯಿಗಳನ್ನು ಒಡೆಯುವ ಪ್ರಸಂಗ ಬಿದ್ದುಹೋಗಿ, ಅದರ ಜಾಗದಲ್ಲಿ ಇಟ್ಟಿಗೆ ಒಡೆಯುವ ಪ್ರಸಂಗ ಬಂತು.

ಉಳಿದದ್ದು ಲಯ. ಕೆಳಕ್ಕೆ, ಓರೆಗೆ, ಮುಂದಕ್ಕೆ ಹೊರಳಿಸಿ ಗುದ್ದಿದರೆ ರ್ಯೂ ಅಂಗೈಯಿಂದ ಬೆಂಕಿಯುಂಡೆ ಎಸೆಯುತ್ತಾನೆ. ಹಗುರ ಪೆಟ್ಟು ಬೇಗ ಬೀಳುತ್ತದೆ. ಭಾರಿ ಪೆಟ್ಟು ತಡವಾಗುತ್ತದೆ, ಗುರಿ ತಪ್ಪಿದರೆ ಹೊಡೆದವನೇ ಸಿಕ್ಕಿಬೀಳುತ್ತಾನೆ. ಆಟದ ಜೀವ ಇರುವುದು ಈ ಲೆಕ್ಕಾಚಾರದಲ್ಲಿ, ಚಿತ್ರದ ಚುಕ್ಕೆಗಳಲ್ಲಲ್ಲ. ಅದೃಷ್ಟವೂ ಕೈಹಿಡಿಯಿತೆನ್ನಬೇಕು: ಮನೆಯಂತ್ರದ ಪಿಡಿಯಲ್ಲಿ ಹೆಬ್ಬೆರಳಿಗೆ ನಾಲ್ಕು, ತೋರುಬೆರಳುಗಳಿಗೆ ಎರಡು, ಒಟ್ಟು ಆರು ಗುಂಡಿಗಳಿದ್ದವು. ಪ್ರತಿಸ್ಪರ್ಧಿ ಸೇಗಾದ ಪಿಡಿಯಲ್ಲಿ ಇದ್ದದ್ದು ಮೂರೇ. ೧೯೯೩ರಲ್ಲಿ ಅದೂ ಆರು ಗುಂಡಿಯ ಪಿಡಿ ತರಬೇಕಾಯಿತು.

ನಿಷ್ಠೆ ದೋಷಗಳನ್ನೂ ಹೊತ್ತು ತರುತ್ತದೆ. ಆಟದಲ್ಲಿ ಧಾಲ್ಸಿಮ್ ಎಂಬ ಭಾರತೀಯ ಯೋಗಿಯೊಬ್ಬನಿದ್ದಾನೆ. ಕೊರಳಲ್ಲಿ ತಲೆಬುರುಡೆ, ಬಾಯಲ್ಲಿ ಬೆಂಕಿ, ಹಿನ್ನೆಲೆಯಲ್ಲಿ ಆನೆಗಳು! ಯೋಗವೆಂದರೆ ಕೈಕಾಲು ಗಜಗಟ್ಟಲೆ ನೀಳುವುದೆಂದು ಬಗೆದ ಈ ಕಲ್ಪನೆಯನ್ನು ನಾವು ನಕ್ಕು ಬಿಡಬಹುದು, ಒಪ್ಪಲಾಗದು. ಆದರೆ ವೇಷ ಸುಳ್ಳಾದರೂ ಪಾತ್ರದ ಯುದ್ಧರೀತಿ ಸುಳ್ಳಲ್ಲ: ದೂರದಲ್ಲಿ ಇವನೇ ಪ್ರಬಲ, ಶತ್ರು ಮೈಮೇಲೆ ಬಿದ್ದರೆ ದುರ್ಬಲ. ರೂಪಾಂತರಕಾರರು ಎರಡನ್ನೂ ಹಾಗೆಯೇ ತಂದಿದ್ದಾರೆ.

ಯಾವ ಯಂತ್ರಜ್ಞನೂ ತರಲಾಗದೆ ಹೋದದ್ದು ನಾಣ್ಯವನ್ನು. ಅಂಗಡಿಯಲ್ಲಿ ಗೆದ್ದವನು ನಿಲ್ಲುತ್ತಾನೆ, ಸೋತವನು ಪಕ್ಕಕ್ಕೆ ಸರಿಯುತ್ತಾನೆ. ಹಿಂದೆ ಕಾದಿರುವ ಅಪರಿಚಿತ ಕಾಸು ಹಾಕಿ ಸವಾಲೊಡ್ಡುತ್ತಾನೆ. ಅಲ್ಲಿ ಸೋಲಿಗೆ ಬೆಲೆಯುಂಟು, ಗೆಲುವಿಗೆ ಸಾಕ್ಷಿಗಳುಂಟು. ಮನೆಯಲ್ಲಿ ಸೋತರೆ ಮತ್ತೊಮ್ಮೆ ಗುಂಡಿ ಒತ್ತಿದರಾಯಿತು. ಆ ಅಂಜಿಕೆ, ಆ ಬಿಸುಪು ಇಲ್ಲಿ ಇಲ್ಲ.

ಆದರೆ ಇದನ್ನು ಬರಿಯ ನಷ್ಟವೆಂದು ನಾನು ಹೇಳಲಾರೆ. ಕಾಸಿನ ಎಣಿಕೆಯಿಲ್ಲದಿದ್ದಾಗ ನಿಧಾನವಾಗಿ ಕಲಿಯುವವನಿಗೂ ಎಡೆ ಸಿಗುತ್ತದೆ. ಅಣ್ಣನ ಕೈಯಲ್ಲಿ ನೂರು ಸಲ ಸೋತ ತಂಗಿ ನೂರೊಂದನೆಯ ಸಲ ಗೆಲ್ಲಬಹುದು. ಮೊದಲ ಅಂಗಡಿಯಾಟದಲ್ಲಿ ಇಬ್ಬರೂ ಒಬ್ಬನೇ ಕಲಿಯನ್ನು ಆರಿಸುವಂತಿರಲಿಲ್ಲ. ಮನೆಯಾಟದಲ್ಲಿ ಒಂದು ಗುಪ್ತ ಸಂಕೇತ ಅದಕ್ಕೂ ಬಾಗಿಲು ತೆರೆಯಿತು. ೬೩ ಲಕ್ಷ ಪ್ರತಿಗಳು ಖರ್ಚಾದದ್ದು ಬರಿಯ ಹೆಸರಿನ ಬಲದಿಂದಲ್ಲ.

ಮೂಲದ ಮೈಯನ್ನು ಕುಗ್ಗಿಸಿ ಉಸಿರನ್ನು ಉಳಿಸಿಕೊಂಡ ಕೃತಿ ಇದು. ಮೈಯನ್ನು ಪೂರ್ತಿ ತಂದು ಉಸಿರನ್ನು ಮರೆತುಬರುವ ರೂಪಾಂತರಗಳು ಎಲ್ಲ ಕಲೆಗಳಲ್ಲೂ ಹೇರಳವಾಗಿರುವಾಗ, ಇಂಥದನ್ನು ಮೆಚ್ಚಲು ನನಗೆ ಸಂಕೋಚವಿಲ್ಲ.